ಕೆಳದಿ ಮ್ಯೂಸಿಯಂಗೆ ಹೋಗುವವರಿಗೆ: ಟ್ಯಾಕ್ಸಿ ಪ್ಯಾಕೇಜ್ ಬೇಡ

ಕೆಳದಿ, ಇಕ್ಕೇರಿ, ಜೋಗ ಮೂರನ್ನೂ ಒಂದೇ ದಿನ ತೋರಿಸುತ್ತೇನೆ ಅಂತ ಸಾಗರದಲ್ಲಿ ಒಬ್ಬ ಟ್ಯಾಕ್ಸಿಯವನು 3,500 ರೂಪಾಯಿಗೆ ಒಪ್ಪಿಸಿದ. ಕೆಳದಿ ಮ್ಯೂಸಿಯಂ ಮುಂದೆ ಇಳಿಸಿ, "ಅರ್ಧ ಗಂಟೆ ಸಾಕಲ್ವಾ ಸರ್?" ಅಂದ. ಸಮಯ ಮೀರಿದ ಕೂಡಲೇ ಹಾರ್ನ್ ಶುರು. ಸಂಜೆ ವೇಟಿಂಗ್ ಚಾರ್ಜ್ ಅಂತ ಇನ್ನೂ 600 ಕಿತ್ತುಕೊಂಡ. ಸಾಗರದಿಂದ ಕೆಳದಿ ಹತ್ತಿರವೇ ಇದೆ, ಆಟೋದಲ್ಲಿ ಹೋಗಿ ಆಟೋದವನನ್ನು ಕಳಿಸಿಬಿಡಿ. ಹೊರಗೆ ಯಾರೋ ಕಾಯುತ್ತಿದ್ದರೆ ಇಂಥ ಜಾಗ ನೋಡಲು ಆಗುವುದಿಲ್ಲ.

ಒಳಗಿರುವುದು ಇತಿಹಾಸಕಾರ ಕೆಳದಿ ಗುಂಡಾ ಜೋಯಿಸರು ಜೀವಮಾನವಿಡೀ ದುಡಿದು ಕಟ್ಟಿದ ಸಂಗ್ರಹ. ತಾಳೆಗರಿಗಳ ಹತ್ತಿರ ನಿಧಾನ ಮಾಡಿ. ಕೆಲವು ಗರಿಗಳ ಬರಹ ನೋಡಿದ ತಕ್ಷಣ ಮಲಯಾಳಂ ಅನ್ನಿಸುತ್ತದೆ, ಆದರೆ ಅದು ತಿಗಳಾರಿ ಲಿಪಿ, ಕರಾವಳಿ ಮಲೆನಾಡಿನಲ್ಲಿ ಹೆಚ್ಚಾಗಿ ಸಂಸ್ಕೃತ ಬರೆಯಲು ಬಳಸುತ್ತಿದ್ದದ್ದು. ನಮ್ಮದೇ ನೆಲದ ಬರಹ ನಮಗೇ ಓದಲು ಬರುವುದಿಲ್ಲವಲ್ಲ ಎಂದು ನನಗೆ ನಿಜಕ್ಕೂ ಬೇಜಾರಾಯಿತು. ಗರಿಗಳನ್ನು ಹತ್ತಿರದಿಂದ ನೋಡಬೇಕು ಅಂದರೆ ಮೊದಲೇ ಫೋನ್ ಮಾಡಿ, ಯಾವ ವಿಷಯ ಬೇಕು ಎಂದು ಸ್ಪಷ್ಟವಾಗಿ ಹೇಳಿ. ಸುಮ್ನೆ "ಹಳೇದು ತೋರಿಸಿ" ಅಂದರೆ ಯಾರಿಗೂ ಏನೂ ಹೊಳೆಯುವುದಿಲ್ಲ.

ಹೊರಡುವ ಮೊದಲು ಒಂದು ಕೆಲಸ ಮಾಡಿ. ಬಿ.ಎಲ್. ರೈಸ್ ಅವರ ಶಾಸನಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ 8ನೇ ಸಂಪುಟ ಇಂಟರ್ನೆಟ್ಟಿನಲ್ಲಿ ಉಚಿತವಾಗಿ ಸಿಗುತ್ತದೆ. ಸಾಗರ, ಸೊರಬ, ನಗರ, ತೀರ್ಥಹಳ್ಳಿ ಕಡೆಯ ಶಾಸನಗಳು ತಾಲ್ಲೂಕುವಾರು ಅದರಲ್ಲಿವೆ. ಸಾಗರದ ಭಾಗ ಓದಿಕೊಂಡು ಹೋದರೆ ಶಾಸನದ ಕಲ್ಲಿನ ಮುಂದೆ ನಿಂತಾಗ ಯಾರು ಯಾರಿಗೆ ಏನು ದಾನ ಕೊಟ್ಟರು ಅನ್ನುವುದು ಗೊತ್ತಿರುತ್ತದೆ. ಆಮೇಲೆ ಕೆಳದಿಯ ರಾಮೇಶ್ವರ ದೇವಸ್ಥಾನದ ಛಾವಣಿಯಲ್ಲಿರುವ ಗಂಡಭೇರುಂಡ ನೋಡಿ.

ಊಟಕ್ಕೆ ಸಾಗರಕ್ಕೇ ಬಂದೆ. ಪೇಟೆಯ ಒಳರಸ್ತೆಯಲ್ಲಿ ನಾಲ್ಕೇ ಮೇಜಿನ ಒಂದು ಖಾನಾವಳಿ. ಎಲೆ ಹಾಕಿ ಅನ್ನ, ಒಂದೆಲಗದ ತಂಬುಳಿ, ಅಪ್ಪೆಹುಳಿ, ಹಲಸಿನ ಹಪ್ಪಳ, ಕೊನೆಗೆ ಗಟ್ಟಿ ಮಜ್ಜಿಗೆ, ಎಲ್ಲಾ ಸೇರಿ 80 ರೂಪಾಯಿ. ಅಪ್ಪೆಹುಳಿಯನ್ನು ಲೋಟದಲ್ಲಿ ಕೇಳಿದರೆ ಲೋಟದಲ್ಲೇ ಕೊಟ್ಟರು, ಸಾಕು ಅನ್ನುವವರೆಗೆ ಬಡಿಸಿದರು. ಬಡಿಸುತ್ತಿದ್ದ ಅಮ್ಮ ಮಾವಿನಮಿಡಿ ಉಪ್ಪಿನಕಾಯಿಯ ಭರಣಿಯನ್ನೇ ಮೇಜಿನ ಮೇಲಿಟ್ಟು ಹೋದರು. ಇಂಥ ಊಟಕ್ಕೆ ನಾನು ಇನ್ನೊಮ್ಮೆ ಬಸ್ ಹತ್ತುತ್ತೇನೆ.

ನನಗೆ ಜನಜಂಗುಳಿ ಆಗುವುದಿಲ್ಲ, ಹಾಗಾಗಿ ವಾರಾಂತ್ಯದಲ್ಲಿ ಜೋಗ ಬಿಡಿ ಎನ್ನುತ್ತೇನೆ. ಆ ಸಮಯದಲ್ಲಿ ಬಿದನೂರು, ಅಂದರೆ ಈಗ ನಗರ ಎಂದು ಕರೆಯುವ ಊರಿನ ಕೋಟೆ ನೋಡಬಹುದು. 1763ರಲ್ಲಿ ಹೈದರಾಲಿ ಕೆಳದಿ ಅರಸರಿಂದ ಕಿತ್ತುಕೊಂಡ ರಾಜಧಾನಿ ಅದೇ. ವಾಪಸ್ ಬರುವಾಗ ಶಿವಮೊಗ್ಗದಲ್ಲಿ ಇಳಿದು ಶಿವಪ್ಪ ನಾಯಕ ಅರಮನೆಯ ಮ್ಯೂಸಿಯಂಗೂ ಹೋಗಿ, ಅಂಗಳದ ವೀರಗಲ್ಲುಗಳನ್ನು ಬೆಳಗಿನ ಓರೆ ಬಿಸಿಲಲ್ಲಿ ನೋಡಿದರೆ ಕೆತ್ತನೆ ಚೆನ್ನಾಗಿ ಕಾಣುತ್ತದೆ.