ಲಕ್ಕುಂಡಿ, ಪುಲಿಗೆರೆ, ಮಾಗಡಿ ಕೆರೆ: ಮೂರು ದಿನ

28 ಡಿಸೆಂಬರ್ 2024, ಶನಿವಾರ
ಲಕ್ಷ್ಮೇಶ್ವರ, ರಾತ್ರಿ

ಶನಿವಾರ, ಸೋಮವಾರ ಎರಡು ಸಿಎಲ್ ರಜೆ ಹಾಕಿ ಮಗಳನ್ನು ಕರೆದುಕೊಂಡು ಹೊರಟುಬಿಟ್ಟೆ. ಅವಳಿಗೆ ಮಾಗಡಿ ಕೆರೆಯ ಹೆಬ್ಬಾತು ನೋಡಬೇಕು, ನನಗೆ ಅತ್ತಿಮಬ್ಬೆಯ ಬಸದಿ ನೋಡಬೇಕು. ಎರಡೂ ಗದಗ ಜಿಲ್ಲೆಯಲ್ಲೇ ಇವೆ, ಉಳಿಯಲು ಲಕ್ಷ್ಮೇಶ್ವರದಲ್ಲಿ ದೊಡ್ಡವ್ವನ ಮನೆ ಇದೆ. ಹತ್ತೊಂಬತ್ತು ವರ್ಷದಿಂದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೇನೆ. ರನ್ನನ ಪಾಠ ಬಂದಾಗಲೆಲ್ಲ ಲಕ್ಕುಂಡಿಯ ಹೆಸರು ಹೇಳುತ್ತೇನೆ. ಹುಬ್ಬಳ್ಳಿಯಿಂದ ಇಷ್ಟು ಸಮೀಪದ ಊರಿಗೆ ಇವತ್ತಿನವರೆಗೂ ಕಾಲಿಟ್ಟಿರಲಿಲ್ಲ. ಅದು ಒಳಗೊಳಗೇ ಚುಚ್ಚುತ್ತಿತ್ತು.

ಗದಗಿನಿಂದ ಲಕ್ಕುಂಡಿಗೆ 12 ಕಿಲೋಮೀಟರ್. ಬಸ್ಸಿಳಿದು ಓಣಿಗಳ ನಡುವೆ ನಡೆದರೆ ಮನೆಗಳ ಬೆನ್ನಿಗೇ ಗುಡಿಗಳು. ನೂರೊಂದು ಗುಡಿ, ನೂರೊಂದು ಬಾವಿ ಎಂದು ಊರಿನವರ ಮಾತು. ಆಗಿನ ಹೆಸರು ಲೊಕ್ಕಿಗುಂಡಿ. ಕಾಶಿವಿಶ್ವೇಶ್ವರನ ಗುಡಿಯ ಕೆತ್ತನೆ ಕಣ್ಣು ಕೀಳಲು ಬಿಡುವುದಿಲ್ಲ, ಮುಸುಕಿನ ಬಾವಿಯ ಮೆಟ್ಟಿಲುಗಳಲ್ಲಿ ಮಗಳು ಎರಡು ಸಲ ಇಳಿದು ಹತ್ತಿದಳು. ಆದರೆ ನನ್ನ ಮನಸ್ಸೆಲ್ಲ ಬ್ರಹ್ಮ ಜಿನಾಲಯದ ಕಡೆಗೆ.

ಕ್ರಿ.ಶ. 1007ರಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬಸದಿ ಇದು. ಹೊರಗೆ ಬಿಸಿಲು, ಒಳಗೆ ಕಾಲಿಟ್ಟ ಕೂಡಲೇ ಕಲ್ಲಿನ ತಂಪು. ಕಣ್ಣು ಕತ್ತಲಿಗೆ ಒಗ್ಗಿದ ಮೇಲೆ ನಾಲ್ಕು ಮುಖದ ಬ್ರಹ್ಮ ಕಂಡ, ಪದ್ಮಾವತಿ ಕಂಡಳು. ಗರ್ಭಗುಡಿಯಲ್ಲಿ ಕುಳಿತ ಜಿನ. ಅಲ್ಲಿ ಬಹಳ ಹೊತ್ತು ನಿಂತೆ. ಮಗಳು ಕೈ ಹಿಡಿದು ಮೆಲ್ಲಗೆ ಕೇಳಿದಳು, "ಅವ್ವಾ, ಈಕೆ ರಾಣಿ ಇದ್ದಳೇನು?"

ರಾಣಿಯಲ್ಲ. ಚಾಲುಕ್ಯರ ತೈಲಪ, ಸತ್ಯಾಶ್ರಯರ ಕಾಲದ ದಂಡನಾಯಕರ ಮನೆಯ ಹೆಣ್ಣುಮಗಳು. ತಂದೆ ಮಲ್ಲಪ, ಗಂಡ ನಾಗದೇವ. ತಂಗಿ ಗುಂಡಮಬ್ಬೆಯನ್ನೂ ಅದೇ ಮನೆಗೆ, ಅದೇ ಗಂಡನಿಗೆ ಕೊಟ್ಟಿದ್ದರು. ನಾಗದೇವ ತೀರಿಕೊಂಡಾಗ ತಂಗಿ ಚಿತೆಯೇರಿದಳು, ಅಕ್ಕ ಉಳಿದಳು. ಉಳಿದು ಮಗ ಅಣ್ಣಿಗನನ್ನು ಬೆಳೆಸಿದಳು, ಬಸದಿ ಕಟ್ಟಿಸಿದಳು, ರನ್ನನಿಗೆ ಆಶ್ರಯ ಕೊಟ್ಟಳು, 993ರ ಅವನ ಅಜಿತಪುರಾಣ ಅವಳಿಂದಾಯಿತು. ಉಕ್ಕುವ ಗೋದಾವರಿಯೇ ಅವಳಿಗೆ ದಾರಿ ಬಿಟ್ಟಿತೆಂದು ಕಥೆ ಕಟ್ಟಿದ್ದಾರೆ. ನನಗೆ ಆ ಪವಾಡಕ್ಕಿಂತ ದೊಡ್ಡದಾಗಿ ಕಾಣುವುದು ಓಲೆಗರಿಯ ಕೆಲಸ.

ಪೊನ್ನನಿಂದ ಶಾಂತಿಪುರಾಣ ಬರೆಸಿದವರು ಅತ್ತಿಮಬ್ಬೆಯ ತಂದೆ ಮಲ್ಲಪ, ಚಿಕ್ಕಪ್ಪ ಪುನ್ನಮಯ್ಯ. ಅಂದರೆ ಅದು ಅವಳ ತವರುಮನೆಯ ಕಾವ್ಯ. ಅದು ಕಾಣದಾಗಬಾರದೆಂದು ಸಾವಿರ ಪ್ರತಿ ಮಾಡಿಸಿ ಹಂಚಿದಳು. ಪಾಠ ಹೇಳುವಾಗ ನಾನೂ "ಸಾವಿರ ಪ್ರತಿ" ಎಂದು ಒಂದೇ ಉಸಿರಿಗೆ ಹೇಳಿ ಮುಂದೆ ಹೋಗುತ್ತಿದ್ದೆ. ಇವತ್ತು ಬಸದಿಯ ಕಟ್ಟೆಯ ಮೇಲೆ ಕೂತು ಮಗಳಿಗೆ ಬಿಡಿಸಿ ಹೇಳಿದೆ. ಗರಿ ತಂದು ಹದ ಮಾಡಬೇಕು, ಒಣಗಿಸಬೇಕು, ಒಂದೇ ಅಳತೆಗೆ ಕತ್ತರಿಸಬೇಕು. ಕಬ್ಬಿಣದ ಕಂಟದಿಂದ, ಅಂದರೆ ಮೊನಚು ಲೇಖನಿಯಿಂದ, ಒಂದೊಂದೇ ಅಕ್ಷರ ಕೊರೆಯಬೇಕು. ಕೊರೆಯುವಾಗ ಅಕ್ಷರ ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ, ಆಮೇಲೆ ಮಸಿ ತಿಕ್ಕಿದಾಗಲೇ ಮೇಲೇಳುತ್ತದೆ. ಒಂದು ಕಾವ್ಯಕ್ಕೆ ಎಷ್ಟೋ ಗರಿ. ಅಂಥವು ಸಾವಿರ ಕಟ್ಟು. ಅದರ ಜೊತೆಗೆ ಒಂದೂವರೆ ಸಾವಿರ ಚಿನ್ನದ ಜಿನಬಿಂಬ ಮಾಡಿಸಿ ಕೊಟ್ಟಳೆಂದೂ ಹೇಳುತ್ತಾರೆ. ದಾನಚಿಂತಾಮಣಿ ಎಂಬ ಬಿರುದು ಸುಮ್ಮನೆ ಬಂದದ್ದಲ್ಲ.

ಮಗಳು ಕೇಳಿದ್ದು ಇಷ್ಟೇ: "ಬರದವರ ಕೈ ನೋಯಲಿಲ್ಲೇನು?"

ನೋಯದೆ ಇದ್ದೀತೇ. ಅವರ ಹೆಸರು ಒಂದೂ ಉಳಿದಿಲ್ಲ. ಈ ಪ್ರಶ್ನೆಯನ್ನು ಮಂಗಳವಾರ ತರಗತಿಗೆ ಒಯ್ಯುತ್ತೇನೆ.

ಪಕ್ಕದ ನಾಗನಾಥ ಗುಡಿಯೂ ಮೊದಲು ಪಾರ್ಶ್ವನಾಥನ ಬಸದಿಯಾಗಿತ್ತು. ಈಗ ಲಿಂಗವಿದೆ, ಅದರ ಹಿಂದೆ ಹಾವಿನ ಹೆಡೆ ಹಾಗೇ ಇದೆ. ಸಂಜೆ ಗದಗಿಗೆ ವಾಪಸಾಗಿ ಲಕ್ಷ್ಮೇಶ್ವರದ ಬಸ್ಸು ಹಿಡಿದೆವು. ದೊಡ್ಡವ್ವ ಬಿಸಿ ರೊಟ್ಟಿ, ಮುಳಗಾಯಿ ಪಲ್ಯ ಮಾಡಿಟ್ಟು ಕಾಯುತ್ತಿದ್ದಳು.

29 ಡಿಸೆಂಬರ್, ಭಾನುವಾರ

ನಸುಕಿನಲ್ಲಿ ದೊಡ್ಡಪ್ಪನ ಹಳೇ ಜೀಪಿನಲ್ಲಿ ಮಾಗಡಿಗೆ ಹೋದೆವು. ಲಕ್ಷ್ಮೇಶ್ವರದಿಂದ ಹತ್ತು-ಹನ್ನೊಂದು ಕಿಲೋಮೀಟರ್, ಶಿರಹಟ್ಟಿ ತಾಲ್ಲೂಕು. ಎರಡೂ ಕಡೆ ಎರಿ ಹೊಲ. ಬಿಳಿಜೋಳ ಎದೆಮಟ್ಟ ಬಂದಿದೆ, ಕಡಲಿ ಹೂ ಬಿಟ್ಟಿದೆ, ಬದುವಿನುದ್ದಕ್ಕೂ ಕುಸುಬಿಯ ಸಾಲು. ಕಿಟಕಿಯಲ್ಲಿ ಕೈಯಿಟ್ಟರೆ ಬೆರಳು ಮರಗಟ್ಟುವಷ್ಟು ಚಳಿ.

ಕೆರೆಯ ದಂಡೆಗೆ ಬಂದಾಗ ನೀರಿನ ಮೇಲೆ ಹೆಬ್ಬಾತು ಒಂದೂ ಇಲ್ಲ. ನಾಲ್ಕು ಗುಳುಮುಳುಕ, ಒಂದಿಷ್ಟು ಕೋಳಿಬಾತು, ದೂರದಲ್ಲಿ ಬಣ್ಣದ ಕೊಕ್ಕರೆ. ಮಗಳ ಮುಖ ಬಾಡಿತು. ದೊಡ್ಡಪ್ಪ ಬೀಡಿ ಹಚ್ಚಿ, "ತಡಿಯವಾ, ಇನ್ನೂ ಊಟಕ್ಕ ಹೋದವ್ರು ಬಂದಿಲ್ಲ" ಅಂದರು.

ಎಂಟರ ಸುಮಾರಿಗೆ ಮೊದಲು ಸದ್ದು ಬಂತು. ಮೂಗಿನಲ್ಲಿ ಯಾರೋ ಒಬ್ಬರನ್ನೊಬ್ಬರು ಕೂಗಿ ಕರೆದಂತೆ, ಆಂಗ್ ಆಂಗ್ ಎಂದು. ಆಮೇಲೆ ಜೋಳದ ಹೊಲದ ಮೇಲಿಂದ ಹರಕು ದಾರದಂತೆ ಒಂದು ಸಾಲು, ಅದರ ಹಿಂದೆ ಇನ್ನೊಂದು. ನಮ್ಮ ತಲೆ ದಾಟಿ, ರೆಕ್ಕೆ ಬಿಗಿಹಿಡಿದು, ಕಾಲು ಮುಂದೆ ಚಾಚಿ ನೀರಿಗೆ ಬಿದ್ದವು. ಅರ್ಧ ತಾಸಿನಲ್ಲಿ ಕೆರೆಯ ಒಂದು ಮಗ್ಗುಲೇ ಬೂದುಬಣ್ಣವಾಯಿತು.

ಪಟ್ಟೆತಲೆ ಹೆಬ್ಬಾತು. ದುರ್ಬೀನಿನಲ್ಲಿ ಒಂದನ್ನೇ ಹಿಡಿದು ನೋಡಿದೆ. ಬಿಳಿ ತಲೆ, ಹಿಂದಲೆಯ ಮೇಲೆ ಎರಡು ಕಪ್ಪು ಗೆರೆ. ಮೇಲಿನದು ಒಂದು ಕಣ್ಣಿಂದ ಇನ್ನೊಂದು ಕಣ್ಣಿನವರೆಗೆ ಬಳಸಿ ಬರುತ್ತದೆ, ಕೆಳಗಿನದು ಗಿಡ್ಡ. ಹಳದಿ ಕೊಕ್ಕಿನ ತುದಿಗೆ ಕಪ್ಪು ಚುಕ್ಕೆ. ಕೊಕ್ಕಿನ ಬದಿಗೆ ಕಪ್ಪು ಮಣ್ಣು ಮೆತ್ತಿಕೊಂಡಿತ್ತು, ನಮ್ಮ ಎರಿಮಣ್ಣು. ಮಂಗೋಲಿಯಾ, ಟಿಬೆಟ್, ಲಡಾಖ್ ಕಡೆ ಮರಿ ಮಾಡಿ, ಹಿಮಾಲಯ ದಾಟಿ ಬರುವ ಹಕ್ಕಿ. ಅದು 7,290 ಮೀಟರ್ ಎತ್ತರದಲ್ಲಿ ಹಾರಿದ್ದು ಅಳತೆಗೆ ಸಿಕ್ಕಿದೆ. ಅಷ್ಟು ತೆಳುವಾದ ಗಾಳಿಯಲ್ಲೂ ಅದರ ರಕ್ತ ಆಮ್ಲಜನಕವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಇದನ್ನು ನನಗೆ ಹೇಳಿದ್ದು ಮಗಳು. ಅವಳೇ ಇನ್ನೊಂದನ್ನೂ ಹೇಳಿದಳು: ಬಾತಿನ ಮರಿಗಳು ಮೊದಲ ವರ್ಷ ಅಪ್ಪ-ಅವ್ವನ ಜೊತೆಗೇ ಹಾರಿ ದಾರಿ ಕಲಿಯುತ್ತವಂತೆ. ಹಿಂದಿನವರು ತೋರಿಸಿದರೆ ಮುಂದಿನವರಿಗೆ ಮಾಗಡಿ ಗೊತ್ತು. ನಿನ್ನೆಯ ಓಲೆಗರಿ ನೆನಪಾಗಿ ಒಂದು ಗಳಿಗೆ ಮಾತೇ ಹೊರಡಲಿಲ್ಲ.

ನೀರಾವರಿಗೆಂದು ಮಳೆನೀರು ಹಿಡಿಯಲು ಜನರು ಕಟ್ಟಿದ ಕೆರೆ ಇದು, ಸುಮಾರು 50 ಹೆಕ್ಟೇರ್. ಇಲ್ಲಿ 166ಕ್ಕೂ ಹೆಚ್ಚು ಜಾತಿಯ ಹಕ್ಕಿ ದಾಖಲಾಗಿವೆ, ಅದರಲ್ಲಿ 130 ವಲಸೆ ಬರುವಂಥವು. ಹೆಬ್ಬಾತೇ ವರ್ಷಕ್ಕೆ ಎಂಟು ಸಾವಿರದಷ್ಟು ಬರುತ್ತವೆಂದು ಲೆಕ್ಕ. ಈ ವರ್ಷದ ಜನವರಿ ಕೊನೆಗೆ ಅಂಕಸಮುದ್ರ, ಅಘನಾಶಿನಿ ಅಳಿವೆಯ ಜೊತೆಗೆ ಮಾಗಡಿಯೂ ಜಗತ್ತಿನ ಮಹತ್ವದ ಜೌಗು ನೆಲೆಗಳ ರಾಮ್ಸಾರ್ ಪಟ್ಟಿ ಸೇರಿತು. ಅದಕ್ಕೂ ಮೊದಲು ರಾಜ್ಯದಿಂದ ಇದ್ದದ್ದು ರಂಗನತಿಟ್ಟು ಒಂದೇ.

ಹತ್ತು ಗಂಟೆಗೆ ಕಾರಿನಲ್ಲಿ ಬಂದ ಕೆಲವರು ಡ್ರೋನ್ ಹಾರಿಸಿದರು. ರೆಕ್ಕೆಯಡಿ ಕೊಕ್ಕಿಟ್ಟು ಮಲಗಿದ್ದ ಹಕ್ಕಿಗಳೆಲ್ಲ ಒಮ್ಮೆಲೇ ಎದ್ದವು. ಕೆರೆಯ ತುಂಬ ರೆಕ್ಕೆ ಬಡಿತ. ನೋಡಲು ಚೆಂದವೇ, ಅವರು ಚಪ್ಪಾಳೆಯನ್ನೂ ತಟ್ಟಿದರು. ನನಗೆ ತಡೆಯಲಾಗಲಿಲ್ಲ, ಹೋಗಿ ಹೇಳಿದೆ. ಅಷ್ಟು ದೂರದಿಂದ ಬಂದ ಜೀವ ಹಗಲು ಮಲಗಲೆಂದೇ ಈ ನೀರಿಗೆ ಇಳಿಯುತ್ತದೆ, ಮಾರ್ಚಿನಲ್ಲಿ ಮತ್ತೆ ಆ ಪರ್ವತ ದಾಟಬೇಕು. ಅವರು ಕೆಟ್ಟವರಲ್ಲ, ಗೊತ್ತಿರಲಿಲ್ಲ, ಇಳಿಸಿದರು. ದಂಡೆಯ ಮೇಲೆ ಹೀಗೆ ಹೇಳಲು ಯಾವಾಗಲೂ ಒಬ್ಬರು ಇರಬೇಕು.

ಮಧ್ಯಾಹ್ನ ಶಂಖ ಬಸದಿ. ಲಕ್ಷ್ಮೇಶ್ವರವೇ ಹಳೆಯ ಪುಲಿಗೆರೆ. ಕಿಸುವೊಳಲ್, ಕೊಪಣ, ಪುಲಿಗೆರೆ, ಒಂಕುಂದ, ಈ ನಾಲ್ಕರ ನಡುವಿನ ನುಡಿಯೇ ಕನ್ನಡದ ತಿರುಳು ಎಂದು ಕವಿರಾಜಮಾರ್ಗ ಹೇಳಿತು. ಪಂಪ ತನ್ನ ಭಾರತ ಪುಲಿಗೆರೆಯ ತಿರುಳ್ಗನ್ನಡದಲ್ಲಿದೆ ಎಂದು ಹೆಮ್ಮೆಯಿಂದ ಹೇಳಿಕೊಂಡ. ಈ ಊರಿನ ಸಂತೆಯಲ್ಲಿ ಮೆಣಸಿನಕಾಯಿ ಚೌಕಾಸಿ ಮಾಡುವಾಗಲೂ ನನಗೆ ಅದು ನೆನಪಾಗುತ್ತದೆ.

ನೇಮಿನಾಥನ ಲಾಂಛನ ಶಂಖ, ಬಸದಿಗೆ ಆ ಹೆಸರು. ಬಾದಾಮಿ ಚಾಲುಕ್ಯರ ಕಾಲದ ದತ್ತಿಗಳನ್ನು ಶಾಸನಗಳು ಹೇಳುವಷ್ಟು ಹಳೆಯ ನೆಲೆ. ಒಳಗೆ ಸಹಸ್ರಕೂಟ, ಒಂದೇ ಶಿಲ್ಪದಲ್ಲಿ 1008 ಜಿನಬಿಂಬ. ಒಂದೊಂದೂ ಹೆಬ್ಬೆರಳಿನಷ್ಟು. ಎಲ್ಲರೂ ಒಂದೇ ಭಂಗಿ, ಆದರೆ ಹತ್ತಿರ ಬಗ್ಗಿ ನೋಡಿದರೆ ಒಂದರ ಭುಜ ತುಸು ಅಗಲ, ಒಂದರ ಮುಖ ಎಣ್ಣೆ-ಕೈ ತಾಗಿ ಸವೆದು ನುಣುಪು. ಮಗಳು ಎಣಿಸಲು ಶುರುಮಾಡಿ ನಲವತ್ತಕ್ಕೆ ತಪ್ಪಿದಳು. ಪೂಜೆ ಮುಗಿಸಿ ಹೊರಟಿದ್ದ ಹಿರಿಯರು ನಿಂತು, "ಒಂದು ಸಾಲು ಎಣಸವಾ, ಆಮ್ಯಾಲೆ ಸಾಲು ಎಣಸು" ಅಂದರು.

ಸಂಜೆ ಮತ್ತೆ ಕೆರೆಗೆ ಹೋಗೋಣವೆಂದು ಹಟ ಹಿಡಿದಳು. ಹೋಗಿ, ಹಾಗೇ ಎಣಿಸಿದಳು. ಐವತ್ತು ಹಕ್ಕಿಯ ಗುಂಪು ಎಷ್ಟು ಜಾಗ ಹಿಡಿಯುತ್ತದೆಂದು ಕಣ್ಣಳತೆ ಮಾಡಿಕೊಂಡು, ಅಂಥವು ಎಷ್ಟೆಂದು. ನೋಟ್‌ಬುಕ್ಕಿನಲ್ಲಿ 1,150 ಎಂದು ಬರೆದು ಕೆಳಗೆ ಗೆರೆ ಎಳೆದಳು. ಕತ್ತಲಾಗುತ್ತಿದ್ದಂತೆ ಸಾಲು ಸಾಲಾಗಿ ಹೊಲಗಳ ಕಡೆಗೆ ಎದ್ದವು.

30 ಡಿಸೆಂಬರ್, ಸೋಮವಾರ, ಎಳ್ಳ ಅಮವಾಸ್ಯೆ

ದೊಡ್ಡವ್ವ ಮೂರು ಗಂಟೆಗೇ ಎದ್ದಿದ್ದಳು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಕಡಬು, ಶೇಂಗಾ ಹೋಳಿಗೆ, ಪುಂಡಿಪಲ್ಯ, ಎಣ್ಣೆಗಾಯಿ. ಬುಟ್ಟಿ ಹೊತ್ತು ಮಾಗಡಿ ದಾರಿಯ ಹೊಲಕ್ಕೆ ಹೋದೆವು. ಬನ್ನಿಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಸುಣ್ಣ ಹಚ್ಚಿ ಪೂಜೆ. ಆಮೇಲೆ ದೊಡ್ಡಪ್ಪ ಎಡೆಯನ್ನು ಕಲಸಿ, ಹೊಲದ ನಾಲ್ಕೂ ಮೂಲೆಗೆ ಚರಗ ಚೆಲ್ಲುತ್ತಾ ಸುತ್ತಿದರು. ಹಿಂದೆ ಮಗಳು ನೀರಿನ ತಂಬಿಗೆ ಹಿಡಿದು.

ಕೆರೆ ಕಡೆಯ ಮೂಲೆಗೆ ಬಂದಾಗ ದೊಡ್ಡಪ್ಪ ನಿಂತರು. ಅಲ್ಲಿ ಕಡಲಿ ಇಲ್ಲ. ಅಂದರೆ ಗಿಡದ ಬುಡ ಇದೆ, ಮೇಲಿನದಿಲ್ಲ, ಕತ್ತರಿ ಆಡಿಸಿದ ಹಾಗೆ. ಮಣ್ಣಿನಲ್ಲಿ ಜಾಲಗಾಲಿನ ಗುರುತು, ಹಸಿರು ಹಿಕ್ಕೆ. ಸುಮಾರು ಅರ್ಧ ಎಕರೆ.

"ನೋಡು. ನಿನ್ನ ಮಗಳು ಎಣಸಿದ್ಲಲ್ಲ, ಅವು ಇಲ್ಲೇ ಬಂದಿದ್ವು."

ಕೋಪವಿರಲಿಲ್ಲ ದನಿಯಲ್ಲಿ. ಈ ಸೀಮೆಯಲ್ಲಿ ಯಾರೂ ಅವಕ್ಕೆ ಕಲ್ಲು ಹೊಡೆಯುವುದಿಲ್ಲ, ಹಿಕ್ಕೆ ಗೊಬ್ಬರವಾಗುತ್ತದೆ ಎನ್ನುತ್ತಾರೆ. ಆದರೆ ನಾಲ್ಕೆಕರೆಯವನ ಅರ್ಧ ಎಕರೆ ಅಂದರೆ ಸಣ್ಣ ಮಾತಲ್ಲ. ಅಲ್ಲಿ ನಿಂತಾಗ ನನಗೆ ಸ್ಪಷ್ಟವಾಯಿತು: ರಾಮ್ಸಾರ್ ಪಟ್ಟಿಗೆ ಸೇರಿದ್ದು ಕೆರೆ ಮಾತ್ರ. ಕೆರೆ ಆ ಹಕ್ಕಿಯ ಹಾಸಿಗೆ, ಅದರ ಅಡುಗೆಮನೆ ಈ ಹೊಲಗಳು. ಶೇಂಗಾ ಕಿತ್ತ ಮೇಲೆ ಉಳಿದ ಕಾಯಿ, ಕಡಲಿಯ ಚಿಗುರು, ಇವಿಲ್ಲದೆ ಬರೀ ನೀರಿಗೆ ಅವು ಹಿಮಾಲಯ ದಾಟಿ ಬರುವುದಿಲ್ಲ. ಕೆರೆಗೆ ಬೇಲಿ ಹಾಕಿ, ಫಲಕ ನೆಟ್ಟು, ಹೊಲದವನನ್ನು ಮರೆತರೆ ಅರ್ಧ ಕೆಲಸವೂ ಆಗಲಿಲ್ಲ. ಸಾವಿರ ವರ್ಷದ ಹಿಂದಿನ ದಾನಕ್ಕೆ ಶಾಸನವಿದೆ. ಈ ಊರಿನವರು ಪ್ರತಿ ಚಳಿಗಾಲ ಉಣಿಸುವುದನ್ನು ಎಲ್ಲಿಯಾದರೂ ಒಂದು ಸಾಲು ಬರೆದಿಡಬೇಕು.

ಊಟವಾದ ಮೇಲೆ ದೊಡ್ಡಪ್ಪನೇ ಕೇಳಿದರು, "ನೀ ಹೆಂಗೂ ಮಾಸ್ತರಿಣಿ ಅದಿ. ಫಾರೆಸ್ಟ್‌ನೋರಿಗೆ ಒಂದು ಅರ್ಜಿ ಬರದು ಕೊಡು."

ಕಾಗದ ಇರಲಿಲ್ಲ. ಮಗಳು ನೋಟ್‌ಬುಕ್ಕಿನಿಂದ ಹಾಳೆ ಹರಿದುಕೊಟ್ಟಳು. ಸರ್ವೆ ನಂಬರು, ಬೆಳೆ, ವಿಸ್ತೀರ್ಣ ಬರೆದೆ. 29ರ ಸಂಜೆ ಕೆರೆಯಲ್ಲಿ ಅಂದಾಜು 1,150 ಹೆಬ್ಬಾತು ಇದ್ದವೆಂದು ಮಗಳ ಲೆಕ್ಕವನ್ನೂ ಸೇರಿಸಿದೆ. ವಿಷಯದ ಸಾಲಿನಲ್ಲಿ "ವಲಸೆ ಹಕ್ಕಿಗಳ ಕಾಟದಿಂದ ಬೆಳೆ ಹಾನಿ" ಎಂದು ಬರೆದು ಓದಿ ಹೇಳಿದೆ.

ದೊಡ್ಡಪ್ಪ ಕೈ ಅಡ್ಡ ತಂದರು. "ಕಾಟ ಅಂತ ಬರೀಬ್ಯಾಡ."

"ಮತ್ತ ಏನಂತ ಬರೀಲಿ, ದೊಡ್ಡಪ್ಪಾ?"

ಬನ್ನಿಗಿಡದ ಕಡೆ ನೋಡುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಬಂದು ಉಂಡು ಹ್ವಾದ್ವು ಅಂತ ಬರಿ."

ಕಾಟವನ್ನು ಹೊಡೆದುಹಾಕಿ ಅವರು ಹೇಳಿದಂತೆಯೇ ಬರೆದೆ. ಅವರು ಕನ್ನಡಕ ಏರಿಸಿ, ತಡವಿ ತಡವಿ, ಕೆಳಗೆ ಸಹಿ ಮಾಡಿದರು.