ಹನ್ನೆರಡು ಸೆಕೆಂಡು, ಒಂದು ಕತ್ತಲ ಕಿಟಕಿ

ದಿನ 1

ನಮ್ಮ ಮೆಚ್ಚಿನ ಬಾಹ್ಯಾಕಾಶ ಅನಿಮೇಷನ್ ಸರಣಿಯ ಕೊನೆಯ ಕಂತು ಬಂದು ಒಂಬತ್ತು ದಿನ. ಇಷ್ಟರಲ್ಲಿ ಏಳು ಸಲ ನೋಡಿದ್ದೇನೆ, ಏಳು ಸಲವೂ ಒಂದೇ ಜಾಗದಲ್ಲಿ ಕಣ್ಣು ತುಂಬಿದೆ. ನೌಕೆಯ ಹೊರಗೆ, ಆಂಟೆನಾ ಕಂಬಕ್ಕೆ ತನ್ನನ್ನು ಬಿಗಿದುಕೊಂಡು ಕೆಲಸ ಮಾಡುತ್ತಿರುವ ಕ್ಯಾಪ್ಟನ್ ತಲೆ ಎತ್ತುತ್ತಾಳೆ. ಅವಳ ಹೆಲ್ಮೆಟ್ಟಿನ ಗಾಜಿನಲ್ಲಿ ನೌಕೆಯ ದೊಡ್ಡ ಚಕ್ರ ತಿರುಗುತ್ತಿದೆ. ಚಕ್ರಕ್ಕೆ 24 ಕಿಟಕಿ. 23ರಲ್ಲಿ ಬೆಳಕಿದೆ, ಒಂದರಲ್ಲಿ ಇಲ್ಲ. ಅದು ಮೆಕ್ಯಾನಿಕ್‌ ಕೆಲಸ ಮಾಡುತ್ತಿದ್ದ ಕೋಣೆ. ಎರಡು ಕಂತಿನ ಹಿಂದೆ ಆಕೆ ತೀರಿಕೊಂಡಳು. ಈ ಶಾಟ್‌ನಲ್ಲಿ ಮಾತಿಲ್ಲ, ಸಂಗೀತವಿಲ್ಲ, ಉಸಿರಾಟ ಮಾತ್ರ.

ಸರಣಿ ಮಾಡಿದವರೂ ನಮ್ಮ ಹಾಗೆ ಅಭಿಮಾನಿಗಳೇ. ಹಗಲು ಹೊಟ್ಟೆಪಾಡಿನ ಕೆಲಸ, ರಾತ್ರಿ ಇದು. ಅವರಿಗೆ ಬಾಯಿಮಾತಿನ ಧನ್ಯವಾದ ಸಾಲದು, ಕೈಯಾರೆ ಏನಾದರೂ ಮಾಡಬೇಕು ಅಂತ ಕೆಲವರು ಹೊರಟರು. 22 ನಿಮಿಷದ ಕೊನೆಯ ಕಂತನ್ನು ತಲಾ 12 ಸೆಕೆಂಡಿನ 110 ತುಂಡು ಮಾಡುವುದು, ಒಬ್ಬೊಬ್ಬರು ಒಂದೊಂದು ತುಂಡನ್ನು ತಮಗೆ ಒಗ್ಗಿದ ರೀತಿಯಲ್ಲಿ ಮತ್ತೆ ಮಾಡುವುದು, ಎಲ್ಲವನ್ನೂ ಜೋಡಿಸಿ ಒಂದು ರಾತ್ರಿ ಒಟ್ಟಿಗೆ ಕೂತು ನೋಡುವುದು. ನನಗೆ ಬೇಕಿದ್ದದ್ದು ಆ ಶಾಟ್ ಇರುವ 97ನೇ ತುಂಡು. ನಾಚಿಕೆ ಬಿಟ್ಟು ಕೇಳಿದೆ. ಸಿಕ್ಕಿತು.

ದಿನ 4

ಬ್ಲೆಂಡರ್ ಎಂಬ 3ಡಿ ಅನಿಮೇಷನ್ ಸಾಫ್ಟ್‌ವೇರ್‌ನಲ್ಲಿ ಮಾಡುತ್ತಿದ್ದೇನೆ, ಸರಣಿಯನ್ನು ಮಾಡಿದವರು ಬಳಸಿದ್ದೂ ಅದನ್ನೇ. ಈ ಸಾಫ್ಟ್‌ವೇರ್‌ನ ಕಥೆ ನೆನಪಾದಾಗಲೆಲ್ಲ ಖುಷಿಯಾಗುತ್ತದೆ: 2002ರಲ್ಲಿ ಇದನ್ನು ನಡೆಸುತ್ತಿದ್ದ ಕಂಪನಿ ಮುಚ್ಚಿದಾಗ, ಬಳಸುವವರೇ ಏಳು ವಾರದಲ್ಲಿ ಒಂದು ಲಕ್ಷ ಯೂರೋ ಕೂಡಿಸಿ ಇದನ್ನು ಬಿಡಿಸಿಕೊಂಡರು. ಅಂದಿನಿಂದ ಎಲ್ಲರಿಗೂ ಉಚಿತ, ಮುಕ್ತ.

ಚಕ್ರದ ಮಾದರಿ ಎದ್ದು ನಿಂತಿದೆ. ತಿರುಗಿಸಿದೆ, ಚೆನ್ನಾಗಿಯೇ ಕಂಡಿತು, ಆದರೆ ಮೂಲದ ಗಾಂಭೀರ್ಯ ಇಲ್ಲ. ಆಟಿಕೆ ಗಿರಗಟ್ಟಲೆಯ ಹಾಗಿತ್ತು. ಯಾಕೆಂದು ತಿಳಿಯಲು ಎರಡನೇ ಕಂತನ್ನು ಹಾಕಿಕೊಂಡು, ಸ್ಟಾಪ್‌ವಾಚ್ ಹಿಡಿದು ಎಣಿಸಿದೆ. ಅವರ ಚಕ್ರ ಒಂದು ಸುತ್ತಿಗೆ 30 ಸೆಕೆಂಡು ತೆಗೆದುಕೊಳ್ಳುತ್ತದೆ. ನಾನು ಕಣ್ಣಂದಾಜಿನಲ್ಲಿ 6 ಸೆಕೆಂಡಿಗೆ ಒಂದು ಸುತ್ತು ಕೊಟ್ಟಿದ್ದೆ.

ಈ ವ್ಯತ್ಯಾಸ ಕಣ್ಣಿಗೆ ಮಾತ್ರದ್ದಲ್ಲ. ಇಂಥ ಚಕ್ರ ತಿರುಗುವುದೇ ಒಳಗಿರುವವರಿಗೆ ತೂಕ ಬರಲಿ ಅಂತ. ಒಳಗಿನವರನ್ನು ಚಕ್ರದ ಹೊರಗೋಡೆ ತಿರುವಿನುದ್ದಕ್ಕೂ ಒಳಮುಖವಾಗಿ ತಳ್ಳುತ್ತಿರುತ್ತದೆ, ಅವರಿಗೆ ಆ ಗೋಡೆಯೇ ನೆಲ. ನಿಮಿಷಕ್ಕೆ ಎರಡು ಸುತ್ತಿನಲ್ಲಿ ಭೂಮಿಯಷ್ಟೇ ತೂಕ ಬೇಕೆಂದರೆ ಚಕ್ರದ ತ್ರಿಜ್ಯ ಸುಮಾರು 224 ಮೀಟರ್ ಇರಬೇಕು. ಅಷ್ಟೇ ಗಾತ್ರದ ಚಕ್ರವನ್ನು ನನ್ನ ವೇಗದಲ್ಲಿ ತಿರುಗಿಸಿದರೆ ತೂಕ 5 ಪಟ್ಟಲ್ಲ, 25 ಪಟ್ಟು ಏರುತ್ತದೆ. ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುವ ಲೆಕ್ಕ ಅದು. ನಾವೆಲ್ಲ ಇಷ್ಟೊಂದು ಪ್ರೀತಿಸಿದ ಆ ನೌಕೆಯ ಜನ ನನ್ನ ಚಕ್ರದಲ್ಲಿ ಒಂದು ಕ್ಷಣವೂ ನಿಲ್ಲಲಾರರು.

ಚಕ್ರ ಚಿಕ್ಕದಾದಷ್ಟೂ ಬೇಗ ತಿರುಗಬೇಕು, ಬೇಗ ತಿರುಗಿದಷ್ಟೂ ತಲೆ ಆಡಿಸಿದರೆ ಒಳಕಿವಿ ಗಲಿಬಿಲಿಗೊಂಡು ತಲೆ ಸುತ್ತುತ್ತದೆ. ಅದಕ್ಕೇ ನಿಜವಾದ ಯೋಜನೆಗಳಲ್ಲೂ ದೊಡ್ಡ, ನಿಧಾನದ ಚಕ್ರಗಳೇ ಬಂದದ್ದು. 1975ರಲ್ಲಿ ನಾಸಾ ನಡೆಸಿದ ಅಧ್ಯಯನದಲ್ಲಿ ಮೂಡಿದ ಸ್ಟ್ಯಾನ್‌ಫರ್ಡ್ ಟೋರಸ್ ಅಂತೂ 1.8 ಕಿಲೋಮೀಟರ್ ವ್ಯಾಸದ್ದು, ನಿಮಿಷಕ್ಕೆ ಒಂದೇ ಸುತ್ತು, ಹತ್ತು ಸಾವಿರ ಜನರಿಗೆ ಊರು.

ಇನ್ನು ನನ್ನ ಲೆಕ್ಕ ಸುಲಭ. ಸೆಕೆಂಡಿಗೆ 12 ಡಿಗ್ರಿ. ಸೆಕೆಂಡಿಗೆ 24 ಫ್ರೇಮಿನ, ಅಂದರೆ 24 ಬಿಡಿ ಚಿತ್ರಗಳ ಲೆಕ್ಕದಲ್ಲಿ ಪ್ರತಿ ಫ್ರೇಮಿಗೆ ಅರ್ಧ ಡಿಗ್ರಿ. ಹನ್ನೆರಡು ಸೆಕೆಂಡಿಗೆ 288 ಫ್ರೇಮ್, 144 ಡಿಗ್ರಿ.

ದಿನ 6

ಇವತ್ತು ಹೊಸದೇನನ್ನೂ ಮಾಡಲಿಲ್ಲ. ಮೂಲವನ್ನೇ ಫ್ರೇಮ್ ಫ್ರೇಮ್ ಆಗಿ ನೋಡುತ್ತ ಕೂತಿದ್ದೆ. ಆದರೂ ಈ ಇಡೀ ಕೆಲಸದಲ್ಲಿ ನಾನು ಮರೆಯದ ದಿನ ಇದೇ.

ಗಾಜಿನಲ್ಲಿ ಚಕ್ರದ ಮೇಲಿನ ಅರ್ಧ ಮಾತ್ರ ಕಾಣುತ್ತದೆ, ಕೆಳಗಿನರ್ಧವನ್ನು ಆಂಟೆನಾದ ತಟ್ಟೆ ಮರೆಮಾಡಿದೆ. ಕಿಟಕಿಗಳು ಒಂದು ಬದಿಯಿಂದ ಹುಟ್ಟಿ, ಮೇಲೇರಿ, ಇನ್ನೊಂದು ಬದಿಯಲ್ಲಿ ಮುಳುಗುತ್ತವೆ. ಕಿಟಕಿಯಿಂದ ಕಿಟಕಿಗೆ 15 ಡಿಗ್ರಿ, ಅಂದರೆ 30 ಫ್ರೇಮಿಗೆ ಒಂದು ಕಿಟಕಿ ಚಕ್ರದ ಮೇಲ್ತುದಿ ಮುಟ್ಟುತ್ತದೆ. ನನ್ನ ತುಂಡು ಶುರುವಾಗುವಾಗ ಕತ್ತಲ ಕಿಟಕಿ ಇನ್ನೂ ಕಂಡಿರುವುದಿಲ್ಲ. ಅರ್ಧ ಸೆಕೆಂಡಿಗೆ ಹೊರಬರುತ್ತದೆ. 192ನೇ ಫ್ರೇಮಿನಲ್ಲಿ, ಸರಿಯಾಗಿ ಎಂಟನೇ ಸೆಕೆಂಡಿನಲ್ಲಿ, ತುದಿ ಮುಟ್ಟುತ್ತದೆ. ಕ್ಯಾಪ್ಟನ್ ತಲೆ ಎತ್ತುವುದೂ 192ನೇ ಫ್ರೇಮಿನಲ್ಲೇ.

ಹಿಂದಕ್ಕೆ ಹೋಗಿ ಮತ್ತೆ ನೋಡಿದೆ. ಒಂದೂ ಫ್ರೇಮ್ ಹಿಂದುಮುಂದಿಲ್ಲ. ಕ್ಯಾಪ್ಟನ್ ಚಕ್ರವನ್ನು ನೋಡದೆಯೇ, ಕೈಯಲ್ಲಿ ಸ್ಪ್ಯಾನರ್ ಹಿಡಿದುಕೊಂಡೇ, ಆ ಕಿಟಕಿ ಯಾವಾಗ ಬರುತ್ತದೆಂದು ಮನಸ್ಸಿನಲ್ಲೇ ಎಣಿಸುತ್ತಿದ್ದಾಳೆ. ಮೂವತ್ತು ಸೆಕೆಂಡಿಗೊಮ್ಮೆ ಬರುತ್ತದೆಂದು ಅವಳಿಗೆ ಗೊತ್ತು. ಏಳು ಸಲ ಅತ್ತಿದ್ದೆ, ಯಾಕೆ ಅಂತ ಇವತ್ತು ತಿಳಿಯಿತು.

ದಿನ 7

98ನೇ ತುಂಡು ಮಾಡುತ್ತಿರುವವರು ಇದ್ದಿಲಿನಲ್ಲಿ ಚಿತ್ರ ಬರೆಯುವವರು. ನಿನ್ನೆ ಕಂಡದ್ದನ್ನು ಅವರಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ನಿಮ್ಮ ಕೊನೇ ಫ್ರೇಮಲ್ಲಿ ಕಿಟಕಿ ಎಲ್ಲಿರುತ್ತೆ ಹೇಳಿ, ನಾನು ಅಲ್ಲಿಂದಲೇ ಹಿಡ್ಕೋತೀನಿ" ಅಂದರು. ತುದಿ ದಾಟಿ 48 ಡಿಗ್ರಿ. ಶೈಲಿ ಬದಲಾದರೂ ಚಕ್ರ ನಿಲ್ಲಬಾರದು ಅಂತ ಇಬ್ಬರೂ ಒಪ್ಪಿಕೊಂಡೆವು. 96ರಲ್ಲಿ ಬಣ್ಣದ ಕಾಗದ ಕತ್ತರಿಸಿ ಮಾಡುತ್ತಿರುವವರಿಗೂ ನನ್ನ ಮೊದಲ ಫ್ರೇಮಿನ ಕೋನ ಕಳಿಸಿದೆ.

ದಿನ 11

ಗಾಜು. ನಾಲ್ಕು ದಿನ ಬರೀ ಗಾಜು.

ಹೆಲ್ಮೆಟ್ಟಿನ ಹೊರಗಾಜಿಗೆ ಚಿನ್ನದ ತೆಳುಲೇಪ ಇರುವುದು ಕಥೆಯಲ್ಲಿ ಮಾತ್ರವಲ್ಲ, ನಿಜಕ್ಕೂ ಹಾಗೇ. ಬಿಸಿಲಿನ ಝಳವನ್ನು ತಡೆಯಲು ಅದು ಬೇಕು. 1969ರಲ್ಲಿ ಚಂದ್ರನ ಮೇಲೆ ಆರ್ಮ್‌ಸ್ಟ್ರಾಂಗ್ ತೆಗೆದ ಆಲ್ಡ್ರಿನ್ನರ ಫೋಟೊವನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡೆ. ಆಲ್ಡ್ರಿನ್ನರ ಗಾಜಿನೊಳಗೆ ಆರ್ಮ್‌ಸ್ಟ್ರಾಂಗ್ ಇದ್ದಾರೆ, ಅವರಿಳಿದ ನೌಕೆಯೂ ಇದೆ. ಗಾಜು ಹೊರಕ್ಕೆ ಉಬ್ಬಿರುವುದರಿಂದ ಇಡೀ ಸುತ್ತಮುತ್ತ ಕುಗ್ಗಿ ಅದರಲ್ಲಿ ಹಿಡಿಸಿದೆ. ನನ್ನ ಗಾಜು ಮೊದಲು ಚಪ್ಪಟೆಯಾಗಿತ್ತು, ಅದನ್ನು ಉಬ್ಬಿಸಿದ ಮೇಲೆ ಚಕ್ರ ತಾನಾಗಿ ಒಳಗೆ ಕೂತಿತು.

ಆದರೆ ಒಂದು ಫ್ರೇಮ್ ರೆಂಡರ್ ಆಗಲು, ಅಂದರೆ ಕಂಪ್ಯೂಟರ್ ಬೆಳಕಿನ ಲೆಕ್ಕ ಹಾಕಿ ಅಂತಿಮ ಚಿತ್ರ ಮಾಡಲು, 9 ನಿಮಿಷ. 288 ಫ್ರೇಮಿಗೆ 43 ಗಂಟೆಗೂ ಮೇಲೆ. ಏನಾದರೂ ತಪ್ಪಿದರೆ ಮತ್ತೆ 43. ಹಾಗಾಗಿ ಚಕ್ರವನ್ನು ಬೇರೆಯಾಗಿ ಒಮ್ಮೆ ರೆಂಡರ್ ಮಾಡಿ, ಆ ಚಿತ್ರಗಳನ್ನು ಗಾಜಿನ ಮೇಲೆ ಹೊದಿಸಿದೆ. ಫ್ರೇಮಿಗೆ ಎರಡೂವರೆ ನಿಮಿಷಕ್ಕೆ ಇಳಿಯಿತು, ಒಟ್ಟು 12 ಗಂಟೆ. ಒಂದು ರಾತ್ರಿಯ ಕೆಲಸ.

ದಿನ 13

ಇದ್ದಿಲಿನವರಿಗೆ ಕರಡು ತೋರಿಸಿದೆ. "ಚಕ್ರ ಉಲ್ಟಾ ತಿರುಗ್ತಿದೆ ಅಲ್ವಾ?" ಅಂದರು. ಹೌದು. ನಮ್ಮ ಬೆನ್ನ ಹಿಂದಿನ ಗಡಿಯಾರವನ್ನು ಕನ್ನಡಿಯಲ್ಲಿ ನೋಡಿದರೆ ಮುಳ್ಳು ಹಿಂದಕ್ಕೆ ಓಡುವ ಹಾಗೆ ಕಾಣುತ್ತದಲ್ಲ, ಗಾಜಿನಲ್ಲಿ ಕಾಣುವ ಚಕ್ರವೂ ಹಾಗೇ ಎಡಬಲ ಬದಲಾಗಿರಬೇಕು. ನಿಜವಾದ ಪ್ರತಿಫಲನವಿದ್ದಾಗ ಅದು ತಾನಾಗಿ ಆಗುತ್ತಿತ್ತು. ಚಿತ್ರ ಹೊದಿಸಿದ ಮೇಲೆ ತಿರುಗಿಸಿ ಹಾಕುವ ಹೊಣೆ ನನ್ನದಾಗಿತ್ತು, ನಾನು ಮರೆತಿದ್ದೆ. ಅವರು ಹೇಳದಿದ್ದರೆ ನನ್ನ ತುಂಡು ಮುಗಿದು ಅವರದು ಬರುವಾಗ ಕಿಟಕಿ ಒಂದು ಬದಿಯಿಂದ ಇನ್ನೊಂದು ಬದಿಗೆ ಜಿಗಿಯುತ್ತಿತ್ತು. ಸರಿಪಡಿಸಿದೆ.

ದಿನ 17

ಚಲನೆ. ಮೂಲದಲ್ಲಿ ಮನುಷ್ಯರ ಭಂಗಿ ಎರಡು ಫ್ರೇಮಿಗೊಮ್ಮೆ ಬದಲಾಗುತ್ತದೆ, ಅಂದರೆ ಸೆಕೆಂಡಿಗೆ 12 ಭಂಗಿ. ಯಂತ್ರಗಳು ಮಾತ್ರ ಪ್ರತಿ ಫ್ರೇಮಿಗೂ ಕದಲುತ್ತವೆ. ಕೈಯಲ್ಲಿ ಬರೆದ ಅನಿಮೇಷನ್ನಿನ ಹಳೆಯ ಪದ್ಧತಿ ಇದು. ಚಕ್ರವನ್ನೂ ಎರಡಕ್ಕೊಮ್ಮೆ ಮಾಡಿ ನೋಡಿದೆ: ತಡವರಿಸುತ್ತದೆ, ಸಹಿಸಲಾಗುವುದಿಲ್ಲ. ಕ್ಯಾಪ್ಟನ್‌ಳನ್ನು ಪ್ರತಿ ಫ್ರೇಮಿಗೆ ಮಾಡಿದರೆ ಎಣ್ಣೆ ಹಚ್ಚಿದ ಹಾಗೆ ಜಾರುತ್ತಾಳೆ, ಜೀವ ಹೋಗುತ್ತದೆ. ಯಂತ್ರ ನಿಲ್ಲದೆ ಸಾಗುತ್ತಿದೆ, ಮನುಷ್ಯಳು ತಡೆತಡೆದು ಸಾಗುತ್ತಿದ್ದಾಳೆ. ಈ ಶಾಟ್‌ಗೆ ಇದಕ್ಕಿಂತ ಒಪ್ಪುವ ರೀತಿ ನನಗೆ ಹೊಳೆಯಲಿಲ್ಲ.

ತಲೆ ಎತ್ತುವ ಜಾಗವನ್ನು ಒಂಬತ್ತು ಸಲ ಮಾಡಿದೆ. ಮೊದಲು ಕೈ ನಿಲ್ಲಬೇಕು, ಆಮೇಲೆ ಭುಜ, ಕೊನೆಗೆ ತಲೆ.

ದಿನ 20

ಉಸಿರು ಧ್ವನಿಮುದ್ರಣ. ಹೊರಗೆ ಗಾಳಿಯಿಲ್ಲ, ಸ್ಪ್ಯಾನರ್ ಬಡಿದರೂ ಸದ್ದಿಲ್ಲ. ಇರುವುದೆಲ್ಲ ಹೆಲ್ಮೆಟ್ಟಿನ ಒಳಗೆ. ಹೊದಿಕೆಯ ಕೆಳಗೆ ಕೂತು, ದೊಡ್ಡ ಲೋಟದ ಬಾಯಿಗೆ ಮುಖವಿಟ್ಟು ಉಸಿರಾಡಿದೆ, ಆ ಪೊಳ್ಳು ದನಿ ಬಂತು. ಎಂಟನೇ ಸೆಕೆಂಡಿನಲ್ಲಿ ಉಸಿರು ಹಿಡಿದೆ.

ದಿನ 22

ರಾತ್ರಿಯಿಡೀ ರೆಂಡರ್. ವಿಡಿಯೊ ಆಗಿ ಅಲ್ಲ, ಒಂದೊಂದು ಫ್ರೇಮನ್ನೂ ಬೇರೆ ಬೇರೆ ಪಿಎನ್‌ಜಿ ಚಿತ್ರವಾಗಿ. 140ನೇ ಫ್ರೇಮಿನ ಹತ್ತಿರ ಕರೆಂಟ್ ಹೋಯಿತು. ಬಂದ ಮೇಲೆ ನಿಂತಲ್ಲಿಂದಲೇ ಮುಂದುವರಿಯಿತು, ಮುಗಿದದ್ದೇನೂ ಹಾಳಾಗಲಿಲ್ಲ. ಕತ್ತಲ ಭಾಗಗಳಲ್ಲಿ ಕಾಳುಕಾಳು ಹರಿದಾಡುತ್ತಿತ್ತು. ಕಾಳು ತೆಗೆಯುವ ಡಿನಾಯ್ಸರ್ ಪ್ರತಿ ಫ್ರೇಮನ್ನೂ ಬೇರೆಯಾಗಿ ಒರೆಸುವುದರಿಂದ ಆ ಒರೆಸಿದ ಗುರುತೇ ಕದಲುತ್ತದೆ. ಸ್ಯಾಂಪಲ್, ಅಂದರೆ ಚಿತ್ರದ ಪ್ರತಿ ಚುಕ್ಕೆಗೆ ಬೆಳಕಿನ ಲೆಕ್ಕ ಹಾಕುವ ಸಲಗಳನ್ನು, ಹೆಚ್ಚಿಸಿ ಅರವತ್ತು ಫ್ರೇಮ್ ಮತ್ತೆ ಮಾಡಿದೆ. ಕಳಿಸಿದೆ.

ದಿನ 31, ಒಟ್ಟಿಗೆ ನೋಡಿದ ರಾತ್ರಿ

ಎಲ್ಲರೂ ಕರೆಯಲ್ಲಿ ಇದ್ದೆವು, ಸರಣಿ ಮಾಡಿದವರೂ ಬಂದಿದ್ದರು. ಹತ್ತರಿಂದ ಒಂದಕ್ಕೆ ಎಣಿಸಿ ಒಟ್ಟಿಗೆ ಒತ್ತಿದೆವು.

ನೂರಾಹತ್ತು ಕೈಗಳಲ್ಲಿ ಒಂದೇ ಕಥೆ. ಜೇಡಿಮಣ್ಣಿನ ಪೈಲಟ್, ಅವನ ಕೆನ್ನೆಯ ಮೇಲೆ ಮಾಡಿದವರ ಬೆರಳಚ್ಚು. ದಾರದಲ್ಲಿ ಹೊಲಿದ ನಕ್ಷತ್ರಗಳು. ಹಿಂದೆಂದೂ ಅನಿಮೇಷನ್ ಮಾಡಿರದ ಒಬ್ಬ ಹುಡುಗ ಬಾಲ್‌ಪೆನ್ನಿನಲ್ಲಿ 24 ಚಿತ್ರ ಬರೆದು, ಒಂದೊಂದನ್ನೂ ಅರ್ಧ ಸೆಕೆಂಡು ನಿಲ್ಲಿಸಿದ್ದ. ಅವನ ತುಂಡಿಗೆ ಎದ್ದ ಚಪ್ಪಾಳೆಯೇ ಎಲ್ಲಕ್ಕಿಂತ ಜೋರು. ಮೆಕ್ಯಾನಿಕ್‌ ಹಾಡುತ್ತಿದ್ದ ಹಳೆಯ ರಾಗವನ್ನು 88ರಲ್ಲಿ ಯಾರೋ ಸಿಳ್ಳೆಯಲ್ಲಿ ನುಡಿಸಿದ್ದರು, ಎಷ್ಟೋ ಜನ ಕೂಡಿ ಗುನುಗಿದರು.

96. ಕಾಗದದ ಕಂಬ, ಕಾಗದದ ಕ್ಯಾಪ್ಟನ್. ಆಮೇಲೆ ನನ್ನದು. ಕಿಟಕಿ ಹೊರಬಂತು, ಏರಿತು. ಎಂಟನೇ ಸೆಕೆಂಡಿನಲ್ಲಿ ಉಸಿರು ನಿಂತಾಗ ಕರೆಯಲ್ಲಿದ್ದವರ ಗುನುಗೂ ನಿಂತಿತ್ತು.

"ಈಗ ನನ್ನ ಕಡೆ ಬರ್ತಿದೆ," ಅಂತ ಇದ್ದಿಲಿನವರ ದನಿ ಮೆಲ್ಲಗೆ ಕೇಳಿಸಿತು.

ಗಾಜು ಹೋಗಿ ಒರಟು ಕಾಗದ ಬಂತು. ಚಕ್ರ ನಿಲ್ಲಲಿಲ್ಲ. ಮೂರೂವರೆ ಸೆಕೆಂಡು ಕತ್ತಲ ಕಿಟಕಿ ಅವರ ಇದ್ದಿಲ ಗೀಟುಗಳ ನಡುವೆ ಇಳಿಯುತ್ತ ಬಂದು, ತಟ್ಟೆಯ ಹಿಂದೆ ಮುಳುಗಿತು.