ಸೋತಾಗ ಬಾಯಿಗೆ ಬರುವ ಮಾತು: ಆರು ವಾರಗಳ ಟಿಪ್ಪಣಿ

ವಾರ 1

ಸ್ಟ್ರೀಟ್ ಫೈಟರ್ 6 ಎಂಬ ಹೊಡೆದಾಟದ ವಿಡಿಯೋ ಗೇಮ್ನಲ್ಲಿ ರಿಯು ಎಂಬ ಪಾತ್ರ ಆಡುತ್ತೇನೆ. ಪ್ಲಾಟಿನಂ ಶ್ರೇಣಿ ದಾಟಲಾಗದೆ ತಿಂಗಳುಗಳಾದವು. ಹಾಗಾಗಿ ಈ ಸಲ ಹೊಸ ಕಾಂಬೊ (ಬೆನ್ನುಬೆನ್ನಿಗೆ ಬೀಳುವ ಹೊಡೆತಗಳ ಸರಣಿ) ಕಲಿಯುವ ಗೋಜಿಗೆ ಹೋಗದೆ, ಪ್ರತಿ ಸೋಲಿನ ಬೆನ್ನಿಗೆ ನನ್ನ ಬಾಯಿಂದ ಹೊರಟ ಮೊದಲ ಮಾತನ್ನು ಬರೆದಿಡತೊಡಗಿದೆ. 40 ಸೋಲುಗಳಲ್ಲಿ 'ಸ್ಪ್ಯಾಮ್' (ಒಂದೇ ದಾಳಿ ಮತ್ತೆ ಮತ್ತೆ) 15 ಸಲ, 'ಚೀಪ್' (ಅಗ್ಗದ ಆಟ) 9, 'ಲ್ಯಾಗ್' (ನೆಟ್ ತಡವರಿಕೆ) 8, 'ಲಕ್' 6. 'ನಾನೇ ತಪ್ಪಿದೆ' ಎಂದದ್ದು ಎರಡೇ ಸಲ.

ಆ ಪುಟ ನೋಡಿ ಬೇಸರವಾಯಿತು. ಹೀಗೆ ಮಾತಾಡುವವರನ್ನು ಆಟಗಾರರು 'ಸ್ಕ್ರಬ್' ಎನ್ನುತ್ತಾರೆ. ತನ್ನದೇ ಒಂದು ನಿಯಮ ಕಟ್ಟಿಕೊಂಡು, ಎದುರಾಳಿ ಅದನ್ನು ಪಾಲಿಸಲಿಲ್ಲವೆಂದು ದೂರುವವನು ಸ್ಕ್ರಬ್. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಅದೇ. ಈಗಷ್ಟೇ ಕಲಿಯುತ್ತಿರುವವರ ಮೇಲೂ ಕೆಲವರು ಈ ಪದ ಎಸೆಯುತ್ತಾರೆ. ಅದು ಅನ್ಯಾಯ.

ವಾರ 2 ಮತ್ತು 3

'ಸ್ಪ್ಯಾಮ್' ಎಂದು ಬರೆದ ಪಂದ್ಯಗಳ ರೀಪ್ಲೇ ನೋಡಿದೆ. ಹೆಚ್ಚಿನವು ಮೂಲೆಯಲ್ಲಿ ಸಿಕ್ಕಿಬಿದ್ದು ಮತ್ತೆ ಮತ್ತೆ ಥ್ರೋ, ಅಂದರೆ ಹಿಡಿದೆಸೆತ, ತಿಂದ ಪಂದ್ಯಗಳು. ಥ್ರೋ ಶುರುವಾಗಲು 5 ಫ್ರೇಮ್ ಸಾಕು. ಒಂದು ಫ್ರೇಮ್ ಎಂದರೆ ಸೆಕೆಂಡಿನ 60ನೇ ಒಂದು ಪಾಲು. ಕಣ್ಣಿಗೆ ಬಿದ್ದ ಮೇಲೆ ಏನಾದರೂ ಮಾಡೋಣ ಅಂದರೆ ಆಗದು, ಮೊದಲೇ ಊಹಿಸಬೇಕು. ಟೆಕ್ ಮಾಡಲು, ಅಂದರೆ ಥ್ರೋ ಬಿಡಿಸಿಕೊಳ್ಳಲು, ಥ್ರೋ ಗುಂಡಿ ಒತ್ತಿದರೆ, ಎದುರಾಳಿ ಹಿಂದೆ ಸರಿದು 'ಶಿಮ್ಮಿ' ಮಾಡಿ ನನ್ನ ಖಾಲಿ ಥ್ರೋಗೆ ದಂಡ ಹಾಕುತ್ತಾನೆ. ಸುಮ್ಮನೆ ಬ್ಲಾಕ್ (ಹೊಡೆತ ತಡೆಯುವ ಭಂಗಿ) ಹಿಡಿದರೆ ಥ್ರೋ ಬೀಳುತ್ತದೆ. ಜಿಗಿದರೆ ಏಟು.

ಟ್ರೇನಿಂಗ್ ಮೋಡ್‌ನಲ್ಲಿ ಡಮ್ಮಿಗೆ (ಅಭ್ಯಾಸಕ್ಕೆ ನಿಲ್ಲುವ ಬೊಂಬೆ ಎದುರಾಳಿಗೆ) ಮೂರನ್ನೂ ರೆಕಾರ್ಡ್ ಮಾಡಿದೆ: ಥ್ರೋ, ಹೊಡೆತ, ಶಿಮ್ಮಿ. ಯಾವುದು ಬರುತ್ತದೋ ತಿಳಿಯದಂತೆ ರ‍್ಯಾಂಡಮ್ ಇಟ್ಟು ದಿನಕ್ಕೆ 20 ನಿಮಿಷ. ಮೊದಲು ಬ್ಲಾಕ್, ಕೊಂಚ ತಡೆದು ಟೆಕ್: ಈ 'ಡಿಲೇ ಟೆಕ್' ಕೈಗೆ ಕೂರಲು ಒಂಬತ್ತು ದಿನ ಹಿಡಿಯಿತು. ಕೂತ ದಿನ ಅನಿಸಿದ್ದು, ಸ್ಪ್ಯಾಮ್ ಎಂದು ನಾನು ಬೈದವರೆಲ್ಲ ನನ್ನನ್ನು ಎಷ್ಟು ಗಮನವಿಟ್ಟು ನೋಡುತ್ತಿದ್ದರು! ನಾನು ಟೆಕ್ ಮಾಡುವುದಿಲ್ಲವೆಂದು ಕಂಡುಕೊಂಡೇ ಅವರು ಅದನ್ನು ಮತ್ತೆ ಮಾಡುತ್ತಿದ್ದದ್ದು.

ಹಾಗೆಂದು ಮರ್ಯಾದೆಯ ನಿಯಮಗಳೇ ಇಲ್ಲವೆಂದಲ್ಲ. ಇದೇ ಸರಣಿಯ ಹಳೆಯ ಆಟ ಸೂಪರ್ ಸ್ಟ್ರೀಟ್ ಫೈಟರ್ 2 ಟರ್ಬೊದಲ್ಲಿ ಅತಿ ಬಲದ ಪಾತ್ರವಾದ ಹಳೆಯ ಆವೃತ್ತಿಯ ಸಾಗತ್‌ನನ್ನು ಜಪಾನಿನ ಬಹುತೇಕ ಆಟಗಾರರು ಯಾರ ಆದೇಶವೂ ಇಲ್ಲದೆ, ತಮ್ಮ ತಮ್ಮೊಳಗಿನ ಒಪ್ಪಂದದಿಂದಲೇ ಆರಿಸದೆ ಬಿಟ್ಟರು. ಅದು ಆಟಕ್ಕೆ ಮೊದಲೇ ಒಪ್ಪಿದ ಮಾತು. ನನ್ನ 'ಥ್ರೋ ಮಾಡಬೇಡ' ನಿಯಮ ಸೋತ ಮೇಲೆ ಹುಟ್ಟುತ್ತಿತ್ತು, ಅದೂ ನನ್ನೊಬ್ಬನ ತಲೆಯಲ್ಲಿ.

ವಾರ 4

ಒಂದು ತಪ್ಪೊಪ್ಪಿಗೆ. ರ‍್ಯಾಂಕ್ಡ್‌ನಲ್ಲಿ, ಅಂದರೆ ಶ್ರೇಣಿಗಾಗಿ ಆಡುವ ಪಂದ್ಯಗಳಲ್ಲಿ, ಎರಡು ಆಟ ಗೆದ್ದವರಿಗೆ ಸೆಟ್. ಜಾಂಗೀಫ್ ಪಾತ್ರ ಆಡುವವರೊಬ್ಬರನ್ನು ಹೇಗೋ ಒಂದು ಆಟ ಗೆದ್ದು, ಮುಂದಿನದಕ್ಕೆ ನಿಲ್ಲದೆ ಎದ್ದು ಹೋಗಿದ್ದೆ. ಇದಕ್ಕೆ 'ಒನ್ ಆ್ಯಂಡ್ ಡನ್' ಎನ್ನುತ್ತಾರೆ. ಕೇಬಲ್ ಕಿತ್ತು ಓಡುವ 'ಪ್ಲಗಿಂಗ್‌'ನಷ್ಟು ಕೆಟ್ಟದ್ದಲ್ಲ, ಆದರೂ ನನ್ನನ್ನು ಓದಿ ತಿರುಗಿ ಹೊಡೆಯುವ ಅವಕಾಶವನ್ನೇ ಅವರಿಂದ ಕಸಿದುಕೊಂಡಂತೆ. ಈಗ ಗೆದ್ದರೆ ಮೊದಲು ಹೊರಡುವವನು ನಾನಲ್ಲ.

ಲ್ಯಾಗ್ ವಿಷಯ: ವೈ-ಫೈ ಬಿಟ್ಟು ತಂತಿ ಹಾಕಿದೆ, ದೂರು ನಿಂತಿತು.

ವಾರ 5

ನನಗಿಂತ ಬಹಳ ಮೇಲಿರುವ ಗೆಳೆಯನ ಜೊತೆ ಮೊದಲು ಹತ್ತು ಆಟ ಗೆದ್ದವರ ಸೆಟ್, ಅಂದರೆ ಎಫ್‌ಟಿ10. 3-10ರಲ್ಲಿ ಸೋತೆ. ನಾಲ್ಕನೇ ಆಟ ಗೆದ್ದಾಗ ಕುರ್ಚಿಯಿಂದ ಎದ್ದು ಕೂಗಿಬಿಟ್ಟೆ. ಇಂಥ 'ಪಾಪ್ ಆಫ್' ನನಗೆ ಪ್ರೀತಿ. 2004ರಲ್ಲಿ ಇವೊ ಎಂಬ ಫೈಟಿಂಗ್ ಗೇಮ್ ಟೂರ್ನಮೆಂಟಿನಲ್ಲಿ ಜಸ್ಟಿನ್ ವಾಂಗ್ ಅವರ ಚುನ್-ಲಿ ಪಾತ್ರದ ವಿಶೇಷ ದಾಳಿ ಸೂಪರ್‌ನ 15 ಹೊಡೆತಗಳನ್ನು ಡೈಗೊ ಉಮೆಹಾರ ಒಂದೊಂದಾಗಿ ಪ್ಯಾರಿ ಮಾಡಿದಾಗ (ಸರಿಯಾದ ಕ್ಷಣಕ್ಕೆ ತಟ್ಟಿ ತಡೆದಾಗ) ಎದ್ದ ಸಭಾಂಗಣದ ಕೂಗು ಈಗ ಕೇಳಿದರೂ ಮೈ ಜುಮ್ಮೆನ್ನುತ್ತದೆ. ಆ ಟೂರ್ನಮೆಂಟನ್ನು ಡೈಗೊ ಗೆಲ್ಲಲಿಲ್ಲ. ಫೈನಲ್‌ನಲ್ಲಿ ಕೆಂಜಿ ಒಬಾಟಾ ಅವರಿಗೆ ಸೋತರು. ಕೂಗುವುದು ಸಂತೋಷ. ಬಿದ್ದವನ ಮೇಲೆ ಕೂತು ಏಳುವ 'ಟೀಬ್ಯಾಗ್' ಬೇರೆ ಜಾತಿ, ಅದನ್ನು ಬಿಟ್ಟೇಬಿಟ್ಟಿದ್ದೇನೆ.

'ಜಿಜಿ' (ಗುಡ್ ಗೇಮ್) ಹೇಳಿದ ಮೇಲೆ ಗೆಳೆಯನನ್ನು ಕೇಳಿದೆ: ನನ್ನಲ್ಲಿ ಏನು ಕಂಡೆ? "ಎರಡು ಥ್ರೋ ತಿಂದರೆ ಮೂರನೆಯದಕ್ಕೆ ತಪ್ಪದೆ ಜಿಗಿಯುತ್ತೀಯ" ಎಂದ. ನನ್ನ ಮೇಲೆ ಗೆಲ್ಲುವ ದಾರಿಯನ್ನೇ ಬಿಟ್ಟುಕೊಟ್ಟ.

ವಾರ 6

36 ಸೋಲು. 'ಸ್ಪ್ಯಾಮ್' 2, 'ಚೀಪ್' 1. ಉಳಿದ ಸಾಲುಗಳು ಈಗ ಹೀಗಿವೆ: 'ಮತ್ತೆ ಜಿಗಿದೆ', 'ಟೆಕ್ ಬೇಗ ಒತ್ತಿದೆ', 'ಶಿಮ್ಮಿ ಕಾಣಲಿಲ್ಲ'. ಮುಂದಿನ ಶ್ರೇಣಿ ಡೈಮಂಡ್ ಇನ್ನೂ ಸಿಕ್ಕಿಲ್ಲ. ನಾಳೆ ಡಮ್ಮಿಗೆ ನಾಲ್ಕನೇ ರೆಕಾರ್ಡಿಂಗ್: ನನ್ನ ಜಿಗಿತವನ್ನು ಗಾಳಿಯಲ್ಲೇ ಹೊಡೆಯುವುದು.